ಟೀಪುಡಿ ಮರೆತ ಸಾಹೇಬರು

ಲಕ್ವ ಹೊಡೆದವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದರಿಂದ ಹಿಡಿದು ಟೀ ಕಾಸುವವರೆಗೆ ಮತ್ತೆ ಕಲಿಸಿ, ಮನೆಯಲ್ಲಿ ಒಬ್ಬರೇ ಇರಬಲ್ಲರೋ ಇಲ್ಲವೋ ಎಂದು ಬರೆದುಕೊಡುವುದು ಆಕ್ಯುಪೇಷನಲ್ ಥೆರಪಿಸ್ಟ್ ಕೆಲಸ. ಹದಿನೆಂಟು ವರ್ಷ ಅದನ್ನೇ ಮಾಡಿದವಳಿಗೆ ರೋಗಿಗಳ ಮೇಲೆ ಕನಿಕರವೇನೋ ಇತ್ತು. ಆದರೆ ರೋಗದ ನೆಪದಲ್ಲಿ ಕಾಲು ಚಾಚಿ ಕೂತವರನ್ನು ಕಂಡರೆ ಮೈ ಉರಿಯುತ್ತಿತ್ತು.

ಇವತ್ತು ಅವಳು ನೋಡಲು ಬಂದಿದ್ದ ಮನೆಯ ನಿವೃತ್ತ ಸಾಹೇಬರಿಗೆ ಲಕ್ವ ಹೊಡೆದಿದ್ದ ಕೈ ಎರಡು ತಿಂಗಳ ಹಿಂದೆಯೇ ಸರಿಹೋಗಿತ್ತು. ಆದರೂ ಹೋದ ಸಲ ಬಂದ ಇನ್ನೊಬ್ಬ ಥೆರಪಿಸ್ಟ್, 'ಸ್ವಂತ ಅಡುಗೆಮನೆಯಲ್ಲಿ ಟೀಪುಡಿ ಎಲ್ಲಿದೆ ಎಂಬುದೂ ನೆನಪಿಲ್ಲ, ಒಬ್ಬರನ್ನೇ ಬಿಡುವಂತಿಲ್ಲ' ಎಂದು ಚೀಟಿಯಲ್ಲಿ ಬರೆದುಹೋಗಿದ್ದ. ಆ ಒಂದು ಸಾಲಿನಿಂದ ಅವರ ಹೆಂಡತಿಯ ಮಂಡಿ ಆಪರೇಷನ್ ಮೂರು ಸಲ ಮುಂದೆ ಹೋಗಿತ್ತು. ಇವರನ್ನು ಬಿಟ್ಟು ಆಕೆ ಹತ್ತು ದಿನ ಆಸ್ಪತ್ರೆಯಲ್ಲಿ ಮಲಗುವುದು ಹೇಗೆ? ಪಾಪ, ಆಕೆ ಗೋಡೆ ಹಿಡಿದು ಓಡಾಡುತ್ತಿದ್ದರು.

"ಟೀ ಮಾಡಿ ಸಾರ್," ಎಂದಳು ಥೆರಪಿಸ್ಟ್.

ಸಾಹೇಬರು ನೀರಿಟ್ಟರು. ಒಲೆಯನ್ನೂ ಸರಿಯಾಗಿಯೇ ಹಚ್ಚಿದರು. ಆಮೇಲೆ ಶುರುವಾಯಿತು. ತಟ್ಟೆಗಳ ಕಪಾಟು ತೆರೆದರು, ಮುಚ್ಚಿದರು. ಅಕ್ಕಿ ಡಬ್ಬಿಯೊಳಗೆ ಇಣುಕಿದರು. ಕೊನೆಗೊಂದು ನಿಟ್ಟುಸಿರು ಬಿಟ್ಟು, "ತಲೆನೇ ಓಡ್ತಿಲ್ಲ ನೋಡಿ. ಎಲ್ಲಾ ಮರ್ತುಹೋಗಿದೆ," ಎಂದರು.

ಹೆಂಡತಿ ಆಗಲೇ ಮಂಡಿ ಹಿಡಿದುಕೊಂಡು ಏಳುತ್ತಿದ್ದರು.

"ಕೂತ್ಕೊಳ್ಳಿ ಅಮ್ಮ," ಎಂದಳು ಥೆರಪಿಸ್ಟ್. "ಸಾರ್, ನಿಮ್ಮ ಆಫೀಸಲ್ಲಿ ಮೇಲಧಿಕಾರಿಗಳು ಯಾರ್ಯಾರಿದ್ರು?"

ಸಾಹೇಬರು ಏಳು ಜನರ ಹೆಸರನ್ನು, ಬಂದ ವರ್ಷ, ಹೋದ ವರ್ಷ, ಒಬ್ಬರ ಕಾರಿನ ನಂಬರು ಸಮೇತ ಗಡಗಡನೆ ಒಪ್ಪಿಸಿದರು.

"ಲಕ್ವ ಹೊಡೆಯೋಕೆ ಮುಂಚೆ ಟೀಪುಡಿ ಎಲ್ಲಿರತ್ತೆ ಅಂತ ಗೊತ್ತಿತ್ತಾ?"

ಸಾಹೇಬರು ಹೆಂಡತಿಯ ಮುಖ ನೋಡಿದರು. ಮೂವತ್ತೊಂಬತ್ತು ವರ್ಷ ಉಂಡ ಮನೆಯಲ್ಲಿ ಈ ಮಹಾಶಯರು ಮರೆತದ್ದು ಏನೂ ಇರಲಿಲ್ಲ. ತಿಳಿದುಕೊಂಡಿದ್ದರೆ ತಾನೇ ಮರೆಯುವುದು! ಈ ಸೋಮಾರಿತನಕ್ಕೆ ರೋಗದ ಹೆಸರಿಟ್ಟು ಸಹಿ ಹಾಕಿದ ತನ್ನ ವೃತ್ತಿಯವರ ಬಗ್ಗೆಯೂ ಥೆರಪಿಸ್ಟ್‌ಗೆ ಹೇಸಿಗೆಯಾಯಿತು. ಹಳೆಯ ಸಾಲನ್ನು ಹೊಡೆದುಹಾಕಿ, 'ನೆನಪು ಚೆನ್ನಾಗಿದೆ, ಒಬ್ಬರೇ ಇರಬಲ್ಲರು' ಎಂದು ಬರೆದು ಚೀಟಿಯನ್ನು ಹೆಂಡತಿಯ ಕೈಗೇ ಕೊಟ್ಟಳು.

ಆಕೆ ಅದನ್ನು ಎರಡು ಸಲ ಓದಿದರು. ಒಲೆಯ ಮೇಲೆ ನೀರು ಕುದಿಯುತ್ತಿತ್ತು.

"ಎಲ್ಲಿದೆ ಅಂತ ಹೇಳಾದ್ರೂ ಹೇಳೇ," ಎಂದರು ಸಾಹೇಬರು.

ಹೆಂಡತಿ ಚೀಟಿಯನ್ನು ಮಡಿಸಿ ಕನ್ನಡಕದ ಡಬ್ಬಿಯೊಳಗಿಟ್ಟು, ಕುರ್ಚಿಗೆ ಬೆನ್ನು ಪೂರ್ತಿ ಒರಗಿಸಿ ಕೂತರು.

"ಹುಡುಕಿ," ಎಂದರು. "ಹತ್ತು ದಿನ ಇದೆಯಲ್ಲ."