ಗೊಂಬೆ ಮೆಟ್ಟಿಲ ಕೆಳಗಿನ ಕ್ರೇಟು

“ನಿಮ್ಮ ಕ್ರೇಟನ್ನ ನಾವೇನು ಬೇಯಿಸ್ಕೊಂಡು ತಿನ್ನಕ್ಕಾಯ್ತದಾ ಸ್ವಾಮಿ? ಬಂದಿದ್ದೆಲ್ಲಾ ವಾಪಸ್ ಕಳಿಸಿವ್ನಿ. ನಿಮ್ ಮುರುಗೇಶನೇ ವ್ಯಾನಿಗೆ ಹಾಕ್ಕೊಂಡು ಹೋದ,” ಎಂದರು ಅಶ್ವತ್ಥಪ್ಪ.

ಓಕಳಿಪುರಂನ ರೈಲ್ವೆ ಗೋಡೆಯ ಹತ್ತಿರ ಅವರದೊಂದು ದಿನಸಿ ಅಂಗಡಿ. ನವರಾತ್ರಿ ಶುರುವಾಗಿತ್ತು. ಆಯುಧಪೂಜೆಯ ವ್ಯಾಪಾರಕ್ಕೆ ಚಕ್ಕುಲಿ, ಕೋಡುಬಳೆ ಬೇಕು. ಆದರೆ ಮಲ್ಲೇಶ್ವರದಿಂದ ಮುರುಗೇಶ ಓಡಿಸಿಕೊಂಡು ಬರುವ ತಿಂಡಿಯ ವ್ಯಾನು ಈ ಸಲ ಅವರ ಬೀದಿಗೇ ತಿರುಗಿರಲಿಲ್ಲ. ಏಕೆಂದು ಕೇಳಲು ತಾವೇ ಆಟೋ ಮಾಡಿಕೊಂಡು ಮಲ್ಲೇಶ್ವರಕ್ಕೆ ಬಂದಿದ್ದರು.

ವ್ಯಾನು ನಿಲ್ಲಿಸಿದವನು ತಿಂಡಿ ಅಂಗಡಿಯ ವೆಂಕಟಾಚಲನೇ; ಖಾಲಿ ಕ್ರೇಟುಗಳು ವಾಪಸ್ ಬಂದಿಲ್ಲ ಎಂಬುದು ಅವನ ದೂರು. ಅವನಪ್ಪನ ಕಾಲದಿಂದಲೂ ಮಾಲು ರಟ್ಟಿನ ಪೆಟ್ಟಿಗೆಯಲ್ಲಿ ಹೋಗುತ್ತಿತ್ತು. ಹೋದ ಪೆಟ್ಟಿಗೆ ಹೋದ ಹಾಗೆಯೇ. ದಾರಿಯ ಗುಂಡಿಗಳಿಗೆ ಸಿಕ್ಕಿ ಚಕ್ಕುಲಿಯೂ ಪುಡಿ. ಇಸವಿ ಎರಡು ಸಾವಿರ ದಾಟಿದ ಮೇಲೆ ವೆಂಕಟಾಚಲ ಧೈರ್ಯ ಮಾಡಿ ನೀಲಿ ಪ್ಲಾಸ್ಟಿಕ್ ಕ್ರೇಟುಗಳನ್ನು ತರಿಸಿದ. ತುಂಬಿ ಹೋಗಬೇಕು, ಖಾಲಿ ಬರಬೇಕು, ತೊಳೆದು ಒರೆಸಿ ಮತ್ತೆ ತುಂಬಬೇಕು. ಯಾರದು ಯಾವುದು ಎಂದು ತಿಳಿಯಲಿ ಅಂತ ಕುಕ್ಕರಗಾಲಲ್ಲಿ ಕೂತು, ಕೆಂಪು ಬಣ್ಣದಲ್ಲಿ ಒಂದೊಂದು ಅಂಗಡಿಯ ಮೊದಲ ಅಕ್ಷರ ತಾನೇ ಬರೆದ. ಅಶ್ವತ್ಥಪ್ಪನವರದು ‘ಅ’. ಆ ಕ್ರೇಟುಗಳ ಮೇಲೆ ಅವನಿಗೆ ಎಂಥ ಮೋಹ ಅಂದರೆ, ಯಾರಾದರೂ ಸುಸ್ತಾಗಿ ಅದರ ಮೇಲೆ ಕೂತರೂ ಕೈಹಿಡಿದು ಎಬ್ಬಿಸುತ್ತಿದ್ದ. ವೈಯಾಲಿಕಾವಲ್‌ನ ಅಂಗಡಿಯವರೊಬ್ಬರು ಕ್ರೇಟಿಗೆ ಮಣ್ಣು ತುಂಬಿ ದೊಡ್ಡಪತ್ರೆ ಬೆಳೆಸಿದ್ದನ್ನು ಕಂಡ ಮೇಲಂತೂ ಅವನಿಗೆ ಎಲ್ಲರ ಮೇಲೂ ಅನುಮಾನ.

“ಕಳಿಸಿದ್ರೆ ಎಲ್ಲಿ ಹೋಯ್ತು? ರೆಕ್ಕೆ ಬಂತಾ?” ಎಂದ. ಅಂಗಡಿ ತುಂಬಾ ಗಿರಾಕಿಗಳು. ಕೇಳುವವರಿದ್ದಾರೆ ಎಂದರೆ ವೆಂಕಟಾಚಲನ ನಾಲಿಗೆ ಒಂದು ಗೇಣು ಉದ್ದ. “ಮನೇಲಿ ಒಂದ್ಸಲ ಹುಡುಕಿ ನೋಡಿ ಅಶ್ವತ್ಥಪ್ಪನೋರೇ. ಕೋಳಿ ಮುಚ್ಚೋಕೆ ಇಟ್ಕೊಂಡಿದ್ದಾರೇನೋ!”

ಕೋಡುಬಳೆ ಕಟ್ಟಿಸಿಕೊಳ್ಳುತ್ತಿದ್ದ ಪಕ್ಕದ ಮನೆಯ ಜಾನಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವರನ್ನು ನೋಡಿ ಇನ್ನಷ್ಟು ಜನ ನಕ್ಕರು. ಅಶ್ವತ್ಥಪ್ಪ ನಕ್ಕವರ ಮುಖವನ್ನೆಲ್ಲ ನಿಧಾನವಾಗಿ ನೋಡಿದರು. ತಂದಿದ್ದ ಚೀಲವನ್ನು ಮಡಿಸಿ ಕಂಕುಳಿಗೆ ಸೇರಿಸಿಕೊಂಡು, ಬರ್ತೀನಿ ಅಂತಲೂ ಹೇಳದೆ ಮೆಟ್ಟಿಲಿಳಿದರು.

ಸಂಜೆ ವೆಂಕಟಾಚಲ ಮನೆಗೆ ಹೋದರೆ ಹಜಾರದಲ್ಲಿ ಗೊಂಬೆಗಳು ದೀಪದ ಬೆಳಕಲ್ಲಿ ಮಿನುಗುತ್ತಿದ್ದವು. ಮೇಲಿನ ಸಾಲಲ್ಲಿ ಪಟ್ಟದ ರಾಜ ರಾಣಿ, ಕೆಳಗೆ ಚೆಟ್ಟಿಯಾರ್ ದಂಪತಿಯ ಅಂಗಡಿ. ಅಡುಗೆಮನೆಯಿಂದ ಉಸಲಿಯ ಒಗ್ಗರಣೆ ಘಮ ಎನ್ನುತ್ತಿತ್ತು.

“ರೀ, ಈ ಸಲ ಮೆಟ್ಟಿಲು ನೋಡಿದ್ರಾ? ಅಲ್ಲಾಡಲ್ಲ, ಏನಿಲ್ಲ,” ಎಂದಳು ಹೆಂಡತಿ ಕೋಕಿಲಾ.

“ನಿಮ್ಮಮ್ಮ ಕೊಟ್ಟಿದ್ದ ಹಲಗೆ ತಾನೆ?”

“ಅದು ಗೆದ್ದಲು ಹಿಡಿದು ಹೋಯ್ತಲ್ಲ! ಮುರುಗೇಶನ್ನ ಕೇಳ್ದೆ. ಖಾಲಿದು ತರೋವಾಗ ಒಂದಷ್ಟು ಇಲ್ಲೇ ಇಳಿಸಿ ಹೋದ. ನಿಮಗೆ ಹೇಳ್ತೀನಿ ಅಂದಿದ್ದೆ, ಹಬ್ಬದ ಗಡಿಬಿಡೀಲಿ ಮರ್ತೇಬಿಟ್ಟೆ.”

ವೆಂಕಟಾಚಲ ಬಗ್ಗಿ, ಮೆಟ್ಟಿಲಿಗೆ ಹೊದಿಸಿದ್ದ ಬಿಳಿ ಪಂಚೆಯ ಅಂಚನ್ನು ಎತ್ತಿದ. ನೀಲಿ ಕ್ರೇಟು. ಅದರ ಮೇಲೆ ಅವನದೇ ಕೈಬರಹದ ಕೆಂಪು ‘ಅ’. ಪಕ್ಕದ್ದರ ಮೇಲೂ ‘ಅ’. ಪಂಚೆ ಕೈಯಿಂದ ಜಾರಿತು. ಕಿವಿಯ ತುದಿಯವರೆಗೂ ಬಿಸಿ ಏರಿತು. ಜಾನಕಮ್ಮನ ನಗು ಹಜಾರದಲ್ಲೇ ಕೇಳಿಸಿದಂತಾಯಿತು.

ನಡೆದದ್ದನ್ನು ಹೇಳಿದಾಗ ಕೋಕಿಲಾ ಅವನತ್ತ ತಿರುಗಿದಳು. “ಕೋಳಿ ಅಂತ ಅಂದ್ರಾ? ಅಷ್ಟು ವಯಸ್ಸಾದೋರಿಗೆ?”

“ಬಾಯಿಗೆ ಬಂತು, ಅಂದ್ಬಿಟ್ಟೆ.”

“ಬಾಯಿಗೆ ಬರಕ್ಕೆ ಮುಂಚೆ ಎಲ್ಲೋ ಇರ್ಬೇಕಲ್ಲ.”

ಅವನು ಮತ್ತೆ ಗೊಂಬೆಗಳತ್ತ ನೋಡಿದ. ಕ್ರೇಟು ತೆಗೆಯೋಣವೆಂದರೆ ಕೂರಿಸಿದ ಗೊಂಬೆಯನ್ನು ವಿಜಯದಶಮಿಗೆ ಮುಂಚೆ ಎತ್ತುವ ಹಾಗಿಲ್ಲ. ಇನ್ನು ನಾಳೆ ಮುರುಗೇಶನ ಕೈಲಿ ಮಾಲು ಕಳಿಸಿ, ‘ಕ್ರೇಟು ಗೋಡೌನಲ್ಲೇ ಸಿಕ್ತಂತೆ’ ಅಂತ ಒಂದು ಮಾತು ಹೇಳಿಸಿದರೆ? ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ, ಅದಕ್ಕೇ ಅವನಿಗೆ ಮತ್ತೊಮ್ಮೆ ನಾಚಿಕೆಯಾಯಿತು.

ಬೆಳಿಗ್ಗೆ ವ್ಯಾನಿನಲ್ಲಿ ಮಾಲು ತುಂಬಿಸಿಕೊಂಡು ತಾನೇ ಹೋದ. ಅಶ್ವತ್ಥಪ್ಪ ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದರು. ಅವರ ಹೆಂಡತಿ ಮುತ್ಯಾಲಮ್ಮ ಒಳಗೆ ಕಡಲೆಪುರಿ ಅಳೆಯುತ್ತಿದ್ದರು. ವೆಂಕಟಾಚಲ ತೊದಲುತ್ತಾ ಗೊಂಬೆ, ಗೆದ್ದಲು, ಮುರುಗೇಶ ಎಲ್ಲವನ್ನೂ ಹೇಳಿದ. ಒಂದು ಅಕ್ಷರವನ್ನೂ ಮುಚ್ಚಿಡಲಿಲ್ಲ.

ಮೊದಲು ಮಾತಾಡಿದವರು ಮುತ್ಯಾಲಮ್ಮ. “ಕೋಳಿ ಮುಚ್ಚಾಕೆ ನಮ್ಮನ್ಯಾಗೆ ಮಂಕರಿ ಐತೆ ಸ್ವಾಮಿ. ನಿಮ್ ಕ್ರೇಟು ಅದಕ್ಕಾಗಾಕಿಲ್ಲ. ಕಂಡಿ ದೊಡ್ಡದು, ಮರಿಗಳು ಆಚೆ ಬಂದ್ಬಿಡ್ತವೆ.”

ಅವರು ನಗಲಿಲ್ಲ. ಅವನಿಗೂ ನಗಲು ಧೈರ್ಯ ಬರಲಿಲ್ಲ.

“ಮಾಲು ಇಳಿಸ್ಲಾ?” ಎಂದ.

“ಬ್ಯಾಡ,” ಎಂದರು ಅಶ್ವತ್ಥಪ್ಪ. “ಚಾಮರಾಜಪೇಟೆಯಿಂದ ತರಿಸ್ಬಿಟ್ಟೆ. ರಟ್ಟಿನ ಪೆಟ್ಟಿಗೇಲಿ.” ಮೂಲೆಯಲ್ಲಿ ಹುರಿ ಕಟ್ಟಿದ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿದ್ದವು.

“ತಪ್ಪಾಯ್ತು ಅಶ್ವತ್ಥಪ್ಪನೋರೇ.”

“ಅದನ್ನ ನನ್ ಕಿವೀಲಿ ಹೇಳಿದ್ರೆ ಏನ್ ಬಂತು ಸ್ವಾಮಿ? ನನಗೆ ಮೊದ್ಲೇ ಗೊತ್ತಿತ್ತು, ನಾನು ಕದ್ದಿಲ್ಲ ಅಂತ. ನಕ್ಕರಲ್ಲ, ಅವರಿಗೆ ಗೊತ್ತಿಲ್ಲ. ಅವರ ಮುಂದೆ ಹೇಳಿ. ಆಮೇಲೆ ನಿಮ್ ವ್ಯಾನು ಈ ಬೀದಿಗೆ ಬರ್ಲಿ.”

ತುಂಬಿದ ವ್ಯಾನು ತುಂಬಿದ ಹಾಗೇ ಮಲ್ಲೇಶ್ವರಕ್ಕೆ ಮರಳಿತು.

ಅಂಗಡಿಯಲ್ಲಿ ದಿನವಿಡೀ ನಿನ್ನೆ ನಕ್ಕವರಲ್ಲಿ ಕೆಲವರು ಬಂದರು. ವೆಂಕಟಾಚಲ ಪ್ರತಿ ಸಲ ಗಂಟಲು ಸರಿಮಾಡಿಕೊಂಡ. ಪ್ರತಿ ಸಲ ‘ಕಾಲು ಕೆಜಿನಾ, ಅರ್ಧ ಕೆಜಿನಾ?’ ಎಂದಷ್ಟೇ ಬಾಯಿಂದ ಹೊರಟಿತು. ನಿನ್ನೆ ಗೇಣುದ್ದವಿದ್ದ ನಾಲಿಗೆ ಇಂದು ಎಲ್ಲಿ ಅಡಗಿತ್ತೋ.

ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಿಂದ ಹಜಾರ ತುಂಬಿತ್ತು. ಅವನು ಚಪ್ಪಲಿ ಬಿಡುವಷ್ಟರಲ್ಲಿ ಜಾನಕಮ್ಮನ ದನಿ ಕೇಳಿಸಿತು. “ಕೋಕಿಲಾ, ಮೆಟ್ಟಿಲು ಏನು ಗಟ್ಟಿ ಇದೆಯೇ! ಯಾವ ಬಡಗಿ ಮಾಡಿದ್ದು?”

ಕೋಕಿಲಾ ತಲೆಯೆತ್ತಿ ಬಾಗಿಲಲ್ಲಿ ನಿಂತ ಗಂಡನನ್ನು ನೋಡಿದಳು.

ವೆಂಕಟಾಚಲ ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ ಪಂಚೆಯ ಅಂಚನ್ನು ಎತ್ತಿದ. “ಬಡಗಿ ಅಲ್ಲ ಜಾನಕಮ್ಮನೋರೇ. ನಿನ್ನೆ ಅಂಗಡೀಲಿ ಅಶ್ವತ್ಥಪ್ಪನೋರ ಮೇಲೆ ಹೊರಿಸಿದ್ನಲ್ಲ, ಅದೇ ಕ್ರೇಟು. ನಮ್ಮನೇಲೇ ಇತ್ತು. ಅವರು ಕಳ್ಳರಲ್ಲ. ಕೋಳಿ ಮಾತಾಡಿದ್ದು ನನ್ನ ಕೊಳಕು ಬಾಯಿ.”

ಉಸಲಿಯ ದೊನ್ನೆ ಹಿಡಿದ ಕೈಗಳೆಲ್ಲ ಹಾಗೇ ನಿಂತವು. ಜಾನಕಮ್ಮನ ಮುಖ ಕೆಂಪೇರಿತು.

“ಹೋಗ್ಲಿ ಬಿಡಪ್ಪಾ,” ಎಂದರು ಮೆಲ್ಲಗೆ. “ಹಬ್ಬದ ಹೊತ್ತಲ್ಲಿ ಅದೆಲ್ಲ ಯಾಕೆ? ಗೊಂಬೆ ಮುಂದೆ ಒಂದು ಹಾಡು ಹೇಳಣ.” ಹಾಗೆನ್ನುತ್ತಲೇ ಬಗ್ಗಿ, ಪಂಚೆಯನ್ನು ಕೆಳಗೆಳೆದು, ನೆರಿಗೆ ಸಹ ಸರಿಮಾಡಿದರು.

ಕೋಕಿಲಾ ಕುಂಕುಮದ ತಟ್ಟೆಯನ್ನು ಪಕ್ಕಕ್ಕಿಟ್ಟಳು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಡಿಸಿ, ಪಂಚೆಯನ್ನು ಮೇಲಕ್ಕೆ ಮಡಿಸಿ, ಕೆಂಪು ‘ಅ’ ಕಾಣುವ ಹಾಗೆ ಚುಚ್ಚಿ ನಿಲ್ಲಿಸಿದಳು.