ನಿಂಬೆ ಹಿಂಡಿದ ಕೈ

ನನ್ನ ಗಂಡ ಅಭಿರಾಮನಿಗೆ ನನ್ನ ತವರಿನ ನೆನಪಾಗುವುದೇ ಅಪರೂಪ. ಆ ಭಾನುವಾರ ಬೆಳಿಗ್ಗೆ ಮಾತ್ರ ಅದು ಉಕ್ಕಿ ಬಂತು.

"ಲಾವಣ್ಯಾ, ಸಂಜೆ ಸಾಠೆ ಸಾಹೇಬರು ಬರ್ತಿದ್ದಾರೆ. ನನ್ನ ಪ್ರಮೋಷನ್ ಅವರ ಕೈಯಲ್ಲಿದೆ. ಟಾಮ್ ಕಾಲಿನ್ಸ್ ಅಂತ ಒಂದು ಜಿನ್ ಕಾಕ್‌ಟೇಲ್, ಅದಂದ್ರೆ ಅವರಿಗೆ ಪ್ರಾಣ. ನೀನೇ ಮಾಡ್ಬಿಡು. ನಿಮ್ಮನೇಲಿ ಇದೆಲ್ಲ ಗೊತ್ತಿರೋದೇ ಅಲ್ವಾ?"

ಗೊತ್ತಿರೋದೇ ಅಂತೆ! ಇದೇ ಮುಂಬೈಯ ದಹಿಸರ್‌ನಲ್ಲಿ ನನ್ನಪ್ಪನ ಬಾರ್ ಇದೆ, ನಿಜ. ಅದನ್ನು ನಾನು ನೋಡಿದ್ದೆಲ್ಲ ರಿಕ್ಷಾದೊಳಗಿಂದ. ಹೊಸ್ತಿಲು ತುಳಿಯಲು ಅಪ್ಪ ಬಿಟ್ಟವರಲ್ಲ. ನಮ್ಮ ಮನೆಗೆ ಒಂದು ಬಾಟ್ಲಿ ಬಂದದ್ದಿಲ್ಲ. ಬಾರ್ ಮುಚ್ಚುವಾಗ ಗಿರಾಕಿಗಳಿಗೆ ಹಿಂಡಿ ಉಳಿದ ನಿಂಬೆ ಹೋಳುಗಳಿಂದ ಅಂಗೈ ಗಸಗಸ ಉಜ್ಜಿಕೊಂಡೇ ಅವರು ಮನೆಗೆ ಬರುತ್ತಿದ್ದರು. ಹೆಂಡದ ಕೈಯಿಂದ ಮಗಳನ್ನು ಮುಟ್ಟಬಾರದು ಎಂಬುದು ಅವರ ಹಟ. ಅಪ್ಪ ಶರಬತ್ತು ಮಾರುತ್ತಾರೆಂದೇ ನಾನು ಬಹಳ ವರ್ಷ ನಂಬಿದ್ದೆ.

ಆ ವ್ಯಾಪಾರದಲ್ಲಿ ಗ್ಲಾಸು ತುಂಬಿಸಲು ಹುಡುಗಿಯರನ್ನು ಇಟ್ಟವರು ಬೇಗ ದುಡ್ಡು ಮಾಡಿದರು. ಅಪ್ಪ ಇಡಲಿಲ್ಲ. ಕೇಳಿದವರಿಗೆ, "ನನಗೂ ಮಗಳು ಉಂಟು ಮಾರಾಯ" ಎಂದಷ್ಟೇ ಹೇಳುತ್ತಿದ್ದರು.

ಆದರೆ ಸಯನ್‌ನಲ್ಲಿರುವ ಗಂಡನ ಮನೆಯ, ಈ ಮೈಸೂರಿನವರ ಫ್ಲಾಟಿನಲ್ಲಿ ಅಪ್ಪನ ಬಾರು ಮದುವೆಯ ದಿನದಿಂದಲೇ 'ಹೋಟೆಲ್ ಬಿಸಿನೆಸ್' ಆಗಿಬಿಟ್ಟಿತ್ತು. ಅಪ್ಪ ಬಂದಾಗಲೆಲ್ಲ ನಮ್ಮತ್ತೆ ಕೌಸಲ್ಯಮ್ಮ ಒಂದು ಲೋಟ ಕಾಫಿ ಕೊಟ್ಟು, "ಆಮೇಲೆ ಟ್ರೈನು ರಶ್ ಆಗತ್ತೆ" ಎಂದು ಊಟದ ಹೊತ್ತಿಗೆ ಮುಂಚೆಯೇ ಸಾಗಹಾಕುತ್ತಿದ್ದರು. ಅಪ್ಪ ತಂದ ಸ್ವೀಟ್ ಬಾಕ್ಸು ಕೆಲಸದವಳ ಪಾಲು. ನಾಲ್ಕು ವರ್ಷದಲ್ಲಿ ನನ್ನಪ್ಪ ಈ ಮನೆಯಲ್ಲಿ ಒಂದು ತುತ್ತು ಅನ್ನ ಉಂಡಿರಲಿಲ್ಲ.

ಹಾಗಾಗಿ ನಾನೂ ಬಿಡಲಿಲ್ಲ. "ಮಾಡ್ತೀನಿ. ಆದ್ರೆ ಅಪ್ಪನೂ ಇವತ್ತು ಊಟಕ್ಕೆ ಬರ್ಬೇಕು. ಅತ್ತೆಯೇ ಫೋನ್ ಮಾಡಿ ಕರೀಬೇಕು."

ಅತ್ತೆ ಮುಖ ಗಂಟು ಹಾಕಿಕೊಂಡೇ ಫೋನ್ ಮಾಡಿದರು. ಮಗನ ಪ್ರಮೋಷನ್ ಮುಂದೆ ಮಡಿ ಎಷ್ಟರದು! ಆಮೇಲೆ ಅಪ್ಪ ನನಗೆ ಫೋನ್ ಮಾಡಿ, "ಹೌದಾ ಮಗಾ, ಅವರೇ ಕರೆದದ್ದಾ? ಊಟಕ್ಕೆ ಅಂತಲೇ ಹೇಳಿದ್ರಾ?" ಎಂದು ಮತ್ತೆ ಮತ್ತೆ ಕೇಳಿದರು. ಅವರ ಖುಷಿ ಕೇಳಿ ನನಗೆ ಅಳುವೇ ಬಂತು.

ವಿದ್ಯೆಯನ್ನು ಮೊಬೈಲಿನಿಂದ ಕಲಿತೆ. ಜಿನ್ ಎರಡು ಪಾಲು, ನಿಂಬೆರಸ ಒಂದು ಪಾಲು, ಸಕ್ಕರೆ ಪಾಕ ಅದಕ್ಕಿಂತ ತುಸು ಕಡಿಮೆ. ಐಸು ಹಾಕಿ ಚೆನ್ನಾಗಿ ಕುಲುಕಿ, ಉದ್ದ ಗ್ಲಾಸಿಗೆ ಸೋಸಿ, ಮೇಲೆ ಸೋಡಾ. ಕುಲುಕಲು ಸಿಕ್ಕಿದ್ದು ಅಭಿರಾಮ ಜಿಮ್‌ಗೆ ಒಯ್ಯುವ ಪ್ರೊಟೀನ್ ಬಾಟ್ಲಿ. ಅತ್ತೆಯ ಕಾನೂನು ಬೇರೆ. ಅಡುಗೆಮನೆಯಲ್ಲಿ ದೇವರ ಗೂಡು ಇರುವುದರಿಂದ ಜಿನ್ ಡೈನಿಂಗ್ ಟೇಬಲ್ ದಾಟಿ ಒಳಗೆ ಬರುವಂತಿಲ್ಲ.

"ನಿಂಬೆಹಣ್ಣು ಬೇಕಾದ್ರೆ ಇಲ್ಲೇ ಹೆಚ್ಕೊ. ಅದಕ್ಕೇನು ಮೈಲಿಗೆ ಇಲ್ಲ" ಎಂದರು.

ಸಾಠೆ ಏಳು ಗಂಟೆಗೆ ಬಂದರು. ಕೆಟ್ಟ ಮನುಷ್ಯರೇನಲ್ಲ. ನಮ್ಮ ಮಗು ಧಾತ್ರಿಯ ಕೆನ್ನೆ ಹಿಂಡಿದರು, ಮೊದಲ ಗ್ಲಾಸು ಹೀರಿ "ವಾಹ್!" ಎಂದರು. ಅಭಿರಾಮನ ಮುಖ ಅರಳಿತು. ಇನ್ನೊಂದು ಸುತ್ತಿಗೆ ಹೇಳಿದ. ಎರಡು ಗ್ಲಾಸು ಟ್ರೇಯಲ್ಲಿಟ್ಟುಕೊಂಡು ನಾನು ಹಾಲಿಗೆ ಬರುವುದಕ್ಕೂ ಬೆಲ್ ಆಗುವುದಕ್ಕೂ ಸರಿಹೋಯಿತು. ಅಭಿರಾಮ ಬಾಗಿಲು ತೆಗೆದ.

ಅಪ್ಪ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಸ್ವೀಟ್ ಬಾಕ್ಸು, ಧಾತ್ರಿಗೊಂದು ಫ್ರಾಕು. ಅವರ ಕಣ್ಣು ಮೊದಲು ನನ್ನ ಮುಖ ನೋಡಿತು, ಆಮೇಲೆ ಟ್ರೇ ನೋಡಿತು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಚಪ್ಪಲಿ ಬಿಟ್ಟು, ಬಾಕ್ಸು ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು ನೇರ ನನ್ನ ಹತ್ತಿರ ಬಂದರು. "ಇಲ್ಲಿ ಕೊಡು ಮಗಾ" ಎಂದು ಮೆಲ್ಲಗೆ ಹೇಳಿ ಟ್ರೇ ತೆಗೆದುಕೊಂಡರು. ಸಾಠೆಯ ಮುಂದೆ ಬಾಗಿ ಗ್ಲಾಸು ಇಟ್ಟರು.

ಸಾಠೆಗೆ ಕನ್ನಡ ಬಾರದು. "ಅರೇ ಅಭಿರಾಮ್, ಬಾರ್‌ವಾಲಾ ಭೀ ಬುಲಾಯಾ ಹೈ? ಕ್ಯಾ ಬಾತ್ ಹೈ!" ಎಂದು, ಬಾರಿನವನನ್ನೂ ಕರೆಸಿದ್ದಾನೆಂದುಕೊಂಡು ನಕ್ಕರು. ಅಪ್ಪನ ಕಡೆ ತಿರುಗಿ, "ಭೈಯಾ, ಥೋಡಾ ಸೋಡಾ ಔರ್" ಎಂದು ಇನ್ನಷ್ಟು ಸೋಡಾ ಕೇಳಿದರು.

'ಸರ್, ಇವರು ನನ್ನ ಮಾವ.' ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಅಭಿರಾಮ ನಕ್ಕ. ಸುಮ್ಮನೆ ನಕ್ಕುಬಿಟ್ಟ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಯೂ ಬಾಯಿ ಬಿಡಲಿಲ್ಲ. ನಾನು ಬಾಯಿ ತೆರೆದೆ. ಅಪ್ಪ ಕಣ್ಣಲ್ಲೇ ಬೇಡ ಎಂದರು.

"ಜೀ ಸಾಬ್" ಎಂದು ಸೋಡಾ ಸುರಿದರು.

ನನ್ನ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಬಂದರು. ಅತ್ತೆ ಪಕ್ಕಕ್ಕೆ ಸರಿದು ಎಲೆ ಹಾಕುವ ನೆಪದಲ್ಲಿ ಹೊರಗೆ ಹೋದರು. ಹಲಗೆಯ ಮೇಲೆ ಹಿಂಡಿದ ನಿಂಬೆ ಹೋಳು ಬಿದ್ದಿತ್ತು. ಅಪ್ಪ ಅದನ್ನು ಎತ್ತಿಕೊಂಡು ನನ್ನ ಅಂಗೈ, ಬೆರಳ ಸಂದಿ ಎಲ್ಲ ಉಜ್ಜಿದರು, ನಲ್ಲಿಯಡಿ ಹಿಡಿದು ತೊಳೆದರು.

"ಮಗುವನ್ನು ಎತ್ತಿಕೊಳ್ಳುವ ಕೈ ಅಲ್ವಾ" ಎಂದರು. "ನಾನೀಗ ಹೊರಡ್ತೇನೆ. ಆಮೇಲೆ ಟ್ರೈನು ರಶ್ ಆಗ್ತದೆ."

"ಊಟ ಅಪ್ಪಾ?"

"ಈಗ ನಾನು ಕೂತರೆ ನಿನ್ನ ಗಂಡನ ಮರ್ಯಾದೆ ಹೋಗ್ತದೆ. ಅವನ ಜೊತೆ ಬಾಳುವವಳು ನೀನು."

ಬಂದ ಹಾಗೆಯೇ ಹೋದರು. ಸಾಠೆ ಅಪ್ಪನಿಗೆ ಕೈ ಬೀಸಿದರು. ಅಭಿರಾಮ ಅದನ್ನೂ ನೋಡದವನ ಹಾಗೆ ಕೂತಿದ್ದ. ಇವನನ್ನೇನಾ ನಾನು ಇಷ್ಟಪಟ್ಟು, ಅಪ್ಪನನ್ನು ಒಪ್ಪಿಸಿ ಮದುವೆಯಾದದ್ದು?

ಎಲೆಗಳೆಲ್ಲ ಬಿದ್ದಿದ್ದವು. ಒಂದು ಎಲೆ ಹೆಚ್ಚಾಗಿತ್ತು. ಎಲ್ಲರೂ ಕೂತ ಮೇಲೆ ಅತ್ತೆ ಆ ಕಡೆ ಈ ಕಡೆ ನೋಡಿ, "ಎಲ್ಲೇ ಹೋದ್ರು ನಿಮ್ಮಪ್ಪ? ಕರೆದು ಎಲೆ ಹಾಕಿದ ಮೇಲೆ ಊಟ ಮಾಡದೆ ಹೋಗೋದೇ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

ನಾನು ಅತ್ತೆಗೆ ಹಿಂದಿಯಲ್ಲಿ ಉತ್ತರ ಕೊಟ್ಟೆ, ಸಾಠೆಗೆ ತಿಳಿಯಲಿ ಎಂದೇ.

"ನನ್ನಪ್ಪ ಡ್ಯೂಟಿ ಮೇಲೆ ಇದ್ದಾಗ ಊಟ ಮಾಡೋದಿಲ್ಲ ಅತ್ತೆ."

ಸಾಠೆ ಎತ್ತಿದ ತುತ್ತನ್ನು ಎಲೆಗೆ ಇಳಿಸಿದರು. ಒಮ್ಮೆ ನನ್ನನ್ನು, ಒಮ್ಮೆ ಖಾಲಿ ಎಲೆಯನ್ನು ನೋಡಿ, ಕೊನೆಗೆ ಅಭಿರಾಮನನ್ನು ನೋಡಿದರು. ಅವನು ತಲೆ ಎತ್ತಲಿಲ್ಲ. ನಾನು ಧಾತ್ರಿಯನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದೆ. ಕೆಳಗೆ ಅಪ್ಪ ಸ್ಟೇಶನ್ ಕಡೆ ನಡೆಯುತ್ತಿದ್ದರು.