ಫಿಯೆಟ್ ಇದ್ದ ಮನೆಯ ಹಿಂಬಾಗಿಲು

ದಿಲ್ಷಾದ್ ಬೇಗಂ ಮನೆಯಲ್ಲಿ ರೊಟ್ಟಿಗೂ ಪೆಟ್ರೋಲ್ ವಾಸನೆ, ಚಹಾಕ್ಕೂ ಪೆಟ್ರೋಲ್ ವಾಸನೆ. ನಿಟ್ಟುವಳ್ಳಿಯ ಆ ಓಣಿಯವರಿಗೆ ಇದು ಹೊಸ ಸುದ್ದಿಯೇನಲ್ಲ. ಮನೆಯ ಮುಂಭಾಗವೇ ಅವರ ಯಜಮಾನರಾದ ಹಯಾತ್ ಸಾಬರ ಗ್ಯಾರೇಜು. ಅದನ್ನು ದಾಟಿದರೆ ಅಡುಗೆಮನೆ. ಅದರ ಪಕ್ಕದ ಕೋಣೆಯಲ್ಲಿ ಸೊಂಟದ ಮೂಳೆ ಮುರಿದು ಮಂಚ ಹಿಡಿದಿರುವ ಅತ್ತೆ. ಮನೆಗೆ ಬರುವವರು, ಹೋಗುವವರು, ಗ್ಯಾಸ್ ಸಿಲಿಂಡರ್ ತರುವವನು, ಎಲ್ಲರೂ ಗ್ಯಾರೇಜಿನ ಒಳಗಿಂದಲೇ ಹಾಯಬೇಕು.

ಆ ಗ್ಯಾರೇಜಿನಲ್ಲಿ ಈಗ ಇದ್ದದ್ದು ಒಂದೇ ಕಾರು, ಹಳೇ ಕಾಲದ ಕೆನೆಬಣ್ಣದ ಫಿಯೆಟ್. ಬಾತಿ ಊರಿನ ಹತ್ತಿರದ ಒಂದು ಗುಜರಿಯಲ್ಲಿ ಅದು ಬಿದ್ದಿದ್ದಾಗ ಅದರ ಸೀಟಿನ ಮೇಲೆ ಕೋಳಿಗಳು ಕಾವಿಗೆ ಕೂತಿದ್ದವು. ಹಯಾತ್ ಸಾಬರು ಅದನ್ನು ಮನೆಗೆ ಎಳೆದು ತಂದು, ಮಗುವಿಗೆ ಎಣ್ಣೆ ಹಚ್ಚಿ ನೀರೆರೆದಂತೆ ಒಂದೊಂದೇ ಭಾಗ ತಿಕ್ಕಿ ತೊಳೆದು ಜೀವ ತುಂಬಿದ್ದರು. ಮಗಳು ಬುಷ್ರಾಳ ಮದುವೆ ಹರಿಹರದ ಶಾದಿಮಹಲಿನಲ್ಲಿ ನಿಶ್ಚಯವಾಗಿತ್ತು. ಮದುಮಗಳು ಇದೇ ಕಾರಿನಲ್ಲಿ ಹೋಗಬೇಕೆಂಬುದು ಸಾಬರ ಹಟ. ಹಟ ಎಂದರೆ ಅಂತಿಂಥ ಹಟವಲ್ಲ, ಮೂರು ಹೊತ್ತೂ ಅದೇ ಧ್ಯಾನ.

ಗುರುವಾರ ಸಂಜೆ ಆ ಮನೆಯಲ್ಲಿ ಲೋಬಾನ ಹಾಕುವುದು ತಪ್ಪಿದ್ದೇ ಇಲ್ಲ. ದಿಲ್ಷಾದ್ ಬೇಗಂ ಕೆಂಡದ ಬಟ್ಟಲಿಗೆ ಚಿಟಿಕೆ ಲೋಬಾನ ಉದುರಿಸಿ, ಕೋಣೆಕೋಣೆಗೂ ಹೊಗೆ ತೋರಿಸಿ, ಕೊನೆಗೆ ಗ್ಯಾರೇಜಿಗೆ ಬಂದು ಕಾರಿಗೆ ಒಂದು ಸುತ್ತು ಹಾಕುತ್ತಿದ್ದರು. ಮದುವೆಯ ಹಿಂದಿನ ಗುರುವಾರವೂ ಹಾಗೆಯೇ ಬಂದರು. ಸಾಬರು ಅಗಲ ಬಾಯಿಯ ತಗಡಿನ ಡಬ್ಬಿಗೆ ಪೆಟ್ರೋಲ್ ಸುರಿದು ನೆಲದ ಮೇಲಿಟ್ಟುಕೊಂಡು, ಕಾರ್ಬೊರೇಟರನ್ನು ಬ್ರಶ್ಶಿನಿಂದ ಉಜ್ಜುತ್ತಿದ್ದರು. ಪಕ್ಕದ ಮನೆಯ ರೇವತಿ ಬುಷ್ರಾಳಿಗೆ ಬಳೆ ಕೊಡಲು ಆಗಷ್ಟೇ ಬಾಗಿಲಲ್ಲಿ ಕಾಲಿಟ್ಟಿದ್ದಳು. ಅವಳಿಗೆ ಹರಿಹರದ ಅಗ್ನಿಶಾಮಕ ಠಾಣೆಯಲ್ಲಿ ಕೆಲಸ.

"ಚಾಚಿ, ಅಲ್ಲೇ ನಿಲ್ರಿ! ಒಂದು ಹೆಜ್ಜೆನೂ ಮುಂದೆ ಇಡಬ್ಯಾಡ್ರಿ!"

ದಿಲ್ಷಾದ್ ಬೇಗಂ ಒಳಹೊಸ್ತಿಲಲ್ಲೇ ಗಕ್ಕನೆ ನಿಂತರು.

"ಕೆಂಡ ಹೊರಗೆ ಹಾಕ್ರಿ ಮೊದ್ಲು," ಎಂದಳು ರೇವತಿ.

"ಹೊರಗೆ ಎಲ್ಲಿಂದ ಹಾಕ್ಲವ್ವ? ಹೊರಗೆ ಹೋಗಾಕೆ ದಾರಿ ಇದೊಂದೇ ಐತೆ."

"ಹಂಗಾದ್ರೆ ಹಿಂದಕ್ಕೆ ಹೋಗಿ ಬಚ್ಚಲದಾಗೆ ನೀರು ಸುರೀರಿ. ಒಲೆನೂ ಆರಿಸಿಬಿಡ್ರಿ."

ದಿಲ್ಷಾದ್ ಬೇಗಂ ಹಾಗೆಯೇ ಮಾಡಿ ಬಂದರು. ಅಷ್ಟರಲ್ಲಿ ಸಾಬರು ನಗುತ್ತಾ, ವಾಸನೆ ಹೋಗಲೆಂದು ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದ್ದರು.

"ಚಾಚಾ, ಸ್ವಿಚ್ಚೂ ಬ್ಯಾಡ್ರಿ. ಅದ್ರಾಗೂ ಕಿಡಿ ಹಾರ್ತೈತೆ. ಡಬ್ಬಿ ಮುಚ್ಚಿ ಬಯಲಿಗೆ ಒಯ್ರಿ, ಶಟರ್ ಪೂರ್ತಿ ಎತ್ರಿ."

ಸಾಬರು ಡಬ್ಬಿಯನ್ನೇನೋ ಹೊರಗಿಟ್ಟು ಬಂದರು. ಆದರೆ ಬಾಯಿ ಸುಮ್ಮನಿರಬೇಕಲ್ಲ! "ರೇವತಿ, ನಾನು ಪಾನಾ ಹಿಡಿದಾಗ ನೀನಿನ್ನೂ ಹುಟ್ಟಿರಲಿಲ್ಲ. ವಾರವಾರ ಲೋಬಾನ ಹಾಕ್ತಾಳೆ ಇವಳು. ಒಂದು ದಿನಾನೂ ಬೆಂಕಿ ಹತ್ತಿಲ್ಲ. ಕೆಂಡ ಏನು ಪೆಟ್ರೋಲ್ ಡಬ್ಬಿಯೊಳಗೆ ಬೀಳ್ತೈತೇನು?"

"ಬೀಳಾದೇ ಬ್ಯಾಡ ಚಾಚಾ. ಲೋಬಾನದ ಹೊಗೆ ಕಣ್ಣಿಗೆ ಕಾಣ್ತೈತೆ, ಮ್ಯಾಲೆ ಹೋಗ್ತೈತೆ. ಪೆಟ್ರೋಲಿನ ಆವಿ ಕಾಣಂಗಿಲ್ಲ, ಕೆಳಗೆ ಇಳಿತೈತೆ. ಚೆಲ್ಲಿದ ನೀರಿನಂಗೆ ನೆಲದ ಮ್ಯಾಲೆ ಹರ್ಕೊಂಡು ಅಡುಗೆಮನಿ ತನಕ ಹೋಗ್ತೈತೆ. ಅಲ್ಲಿ ಒಲೆ ಉರೀತಿದ್ರೆ ಬೆಂಕಿ ಅದೇ ದಾರಿ ಹಿಡಿದು ಡಬ್ಬಿಗೆ ಬರ್ತೈತೆ. ಇಷ್ಟು ದಿನ ಆಗಿಲ್ಲ ಅಂದ್ರೆ ನಿಮ್ಮ ಅದೃಷ್ಟ ಚಲೋ ಇತ್ತು, ಅಷ್ಟೆ."

"ಹತ್ತಿದ್ರೆ ಹತ್ಲಿ, ಒಂದು ಬಕೆಟ್ ನೀರು ಹಾಕಿದ್ರೆ ಮುಗೀತು."

"ಪೆಟ್ರೋಲ್ ಬೆಂಕಿಗೆ ನೀರು ಹಾಕಿದ್ರೆ ಅದು ನೀರಿನ ಮ್ಯಾಲೆ ತೇಲಿ ಇಡೀ ಮನಿಗೆ ಹಬ್ಬತೈತೆ. ಬೆಂಕಿ ಆರಿಸೋ ಪುಡಿ ತುಂಬಿದ ಸಿಲಿಂಡರ್ ಬೇಕು, ಬೆಂಕಿ ಸಣ್ಣದಿದ್ರೆ ಒಣ ಮರಳು."

"ಆತು ಬಿಡವ್ವ," ಎಂದು ಸಾಬರು ಕೈ ಕೊಡವಿದರು. ಆ ಕೈ ಕೊಡವುವುದನ್ನು ಕಂಡಾಗಲೇ ದಿಲ್ಷಾದ್ ಬೇಗಂಗೆ ಸಿಟ್ಟು ನೆತ್ತಿಗೇರಿತು. ವಾರವಾರವೂ ಕೈಯಲ್ಲಿ ಕೆಂಡ ಹಿಡಿದು ಕಾರಿನ ಸುತ್ತ ತಿರುಗಿದವರು ಅವರೇ ತಾನೆ? ಒಳ್ಳೆಯದಾಗಲಿ ಎಂದು ಹೊತ್ತು ತಿರುಗಿದ ಕೆಂಡವದು. ಒಳಗೆ ಮಂಚದ ಮೇಲೆ ಅತ್ತೆ ಕೆಮ್ಮುವುದು ಕೇಳಿಸಿತು.

"ನೌಮಾನನ ಅಬ್ಬಾ," ಎಂದರು ಗಟ್ಟಿಯಾಗಿ, ಮಗನ ಹೆಸರು ಹಿಡಿದು ಗಂಡನನ್ನು ಕರೆಯುತ್ತಾ. "ನೀವು ಹೇಳಿದ್ದೇ ಸರಿ ಅನ್ಕೊಳ್ಳಾಣ. ಆದ್ರೆ ಒಂದು ಸಲ ನನಗೋಸ್ಕರ ಮಾಡಿ ತೋರಿಸ್ರಿ. ಈ ಕಾರಿಗೆ ಬೆಂಕಿ ಹತ್ತೈತೆ ಅನ್ಕೊಳ್ರಿ. ಮುಂದಿನ ಬಾಗ್ಲಿನ ದಾರಿ ಇಲ್ಲ. ಅಮ್ಮಿನ ಹೊರಗೆ ಕರ್ಕೊಂಡು ಹೋಗ್ರಿ. ಈಗ್ಲೇ!"

"ಅದೇನು ಮಹಾ ಕೆಲಸ?" ಎಂದು ಸಾಬರು ಕೋಣೆಗೆ ಹೋಗಿ ತಾಯಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡರು. ಮುದುಕಿ ಹಗುರವೇ. ಎಷ್ಟೋ ದಿನದಿಂದ ಯಾರೂ ತೆರೆಯದ ಹಿತ್ತಲ ಬಾಗಿಲಿನ ಕಡೆ ತಿರುಗಿದರು. ಬಾಗಿಲಿಗೆ ಅಡ್ಡಲಾಗಿ ಫಿಯೆಟ್ಟಿನ ಹಳೇ ಸೀಟುಗಳು, ಸೀಟಿನ ಮೇಲೆ ಟೈರು, ಟೈರಿನ ಮೇಲೆ ಬಂಪರು. ಕಾಲಿನಿಂದ ಒದ್ದರು, ಒಂದು ಟೈರು ಉರುಳಿ ಇನ್ನೂ ಅಡ್ಡ ಕೂತಿತು. ಹೇಗೋ ಒಂದು ಕೈ ಬಿಡಿಸಿಕೊಂಡು ಚಿಲಕ ಎಳೆದರು. ತುಕ್ಕು ಹಿಡಿದ ಚಿಲಕ ಅಲ್ಲಾಡಲಿಲ್ಲ. ಮತ್ತೆ ಎಳೆದರು. ಹಣೆಯಲ್ಲಿ ಬೆವರು ಬಂತು.

"ಎಲ್ಲಿಗೆ ಕರ್ಕೊಂಡು ಹೊಂಟೀ ಬೇಟಾ?" ಎಂದು ತಾಯಿ ಮಗನ ಕೊರಳು ಹಿಡಿದುಕೊಂಡು ಕೇಳಿದರು.

ಸಾಬರು ತಾಯಿಯನ್ನು ಎತ್ತಿಕೊಂಡು, ತೆರೆಯದ ಬಾಗಿಲ ಮುಂದೆ ಹಾಗೇ ನಿಂತರು. ಗಂಡ ಅಷ್ಟು ಕುಗ್ಗಿದ್ದನ್ನು ದಿಲ್ಷಾದ್ ಬೇಗಂ ಎಂದೂ ಕಂಡಿರಲಿಲ್ಲ. ಅವರ ಸಿಟ್ಟೆಲ್ಲ ಇಳಿಯಿತು.

"ರೇವತಿ," ಎಂದರು ಸಾಬರು ಕೊನೆಗೆ, "ಏನೇನು ಮಾಡಬೇಕು, ಹೇಳವ್ವ."

ಮೊದಲು ತೆರೆದದ್ದು ಹಿಂಬಾಗಿಲು. ಮಗ ನೌಮಾನ್ ಸೀಟು, ಟೈರುಗಳನ್ನೆಲ್ಲ ಹೊರಗೆಳೆದ, ಚಿಲಕ ಬದಲಾಯಿತು. ಕಾರಿನ ಕೆಲಸ ಇನ್ನು ಶಟರ್ ಎತ್ತಿದ ಮೇಲೆಯೇ, ಬ್ಯಾಟರಿ ವೈರು ಬಿಚ್ಚಿದ ಮೇಲೆಯೇ ಎಂದಾಯಿತು. ಪೆಟ್ರೋಲಿನಲ್ಲಿ ತೊಳೆಯುವುದೇನಿದ್ದರೂ ಒಲೆಯಿಂದ ದೂರ, ಹೊರಗೆ ಬಯಲಿನಲ್ಲಿ. ಉಳಿದ ಸ್ವಲ್ಪ ಪೆಟ್ರೋಲ್ ಬಿಗಿ ಮುಚ್ಚಳದ ಕಬ್ಬಿಣದ ಕ್ಯಾನಿಗೆ ಹೋಯಿತು, ಕ್ಯಾನು ನೆರಳಿರುವ ಹೊರಗಿನ ಗೂಡಿಗೆ. ಎಣ್ಣೆ ಒರೆಸಿದ ಬಟ್ಟೆಗಳಿಗೆ ಮುಚ್ಚಳದ ಡಬ್ಬಿ ಬಂತು. ಪುಡಿ ಸಿಲಿಂಡರನ್ನು ಸಾಬರೇ ತಂದು ಬಾಗಿಲ ಪಕ್ಕ ತೂಗುಹಾಕಿ, ಅದರ ಪಿನ್ನು ಎಳೆಯುವುದನ್ನು ಮನೆಯವರಿಗೆಲ್ಲ ಕಲಿಸಿದರು. ಕಲಿಸುವ ಜಂಬ ನೋಡಬೇಕಿತ್ತು, ಅದನ್ನು ಕಂಡುಹಿಡಿದವರೇ ತಾವು ಎಂಬಂತೆ!

"ಸಣ್ಣ ಬೆಂಕಿಗಷ್ಟೇ ಇದು ಚಾಚಾ," ಎಂದಳು ರೇವತಿ. "ದೊಡ್ಡದಾದ್ರೆ ಕಾರಿನ ಆಸೆ ಬಿಟ್ಟು ಮಂದಿನ ಕರ್ಕೊಂಡು ಓಡ್ರಿ. ಹೊರಗೆ ಹೋದ ಮ್ಯಾಲೆ ಫೋನ್ ಮಾಡ್ರಿ. ಮತ್ತೆ ಒಳಗೆ ಹೋಗಬ್ಯಾಡ್ರಿ."

ಕಾರಿಗೆ ಲೋಬಾನ? ಅದನ್ನು ದಿಲ್ಷಾದ್ ಬೇಗಂ ತಾವೇ ತೀರ್ಮಾನಿಸಿದರು. "ಕಾರಿಗೆ ನನ್ನ ದುವಾ ಸಾಕು, ಕೆಂಡ ಬ್ಯಾಡ," ಎಂದರು. ಮದುವೆಯ ಬೆಳಗ್ಗೆ ಬುಷ್ರಾ ಫಿಯೆಟ್ ಹತ್ತಿದಾಗ ಬಾನೆಟ್ಟಿನ ಮೇಲೆ ಕೈಯಿಟ್ಟು ದುವಾ ಮಾಡಿದರು. ಸಾಬರೂ ನೌಮಾನನೂ ಅಜ್ಜಿಯನ್ನು ಹಿಂಬಾಗಿಲಿನಿಂದ ಕುರ್ಚಿಯಲ್ಲಿ ಹೊತ್ತು ತಂದು ಮೊಮ್ಮಗಳ ಪಕ್ಕ ಕೂರಿಸಿದರು. ಕಾರು ಹರಿಹರದ ಹಾದಿ ಹಿಡಿಯಿತು.

ಓದುವ, ಕೇಳುವ ಅಣ್ಣಂದಿರೆ, ಅಕ್ಕಂದಿರೆ, ನಿಮ್ಮ ಮನೆಯಲ್ಲೂ ಗ್ಯಾರೇಜೋ, ವೆಲ್ಡಿಂಗೋ, ಒಂದು ಹಳೇ ಬೈಕೋ ಇರಬಹುದು. ಪೆಟ್ರೋಲ್ ಇರುವಲ್ಲಿ ಒಲೆ, ಬೀಡಿ, ಊದುಬತ್ತಿ, ದೀಪ, ಕರ್ಪೂರ ಯಾವುದೂ ಬೇಡ. ಬೆಂಕಿ ಬಿದ್ದರೆ 101 ಅಥವಾ 112ಕ್ಕೆ ಫೋನ್ ಮಾಡಿ. ಇದೆಲ್ಲ ಯಾವತ್ತಿಗೂ ನೆನಪಿಡುವ ಮಾತು. ಇವತ್ತು ಒಂದೇ ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ತಾವಾಗಿ ಎದ್ದು ಓಡಲಾಗದವರು ಯಾರು? ಮುಂಬಾಗಿಲು ಉರಿಯುತ್ತಿದ್ದರೆ ಅವರನ್ನು ಎಲ್ಲಿಂದ ಹೊರಗೆ ತರುತ್ತೀರಿ? ಹೋಗಿ, ಒಮ್ಮೆ ತಂದು ನೋಡಿ. ಅದಾಗುವ ತನಕ ಪೆಟ್ರೋಲ್ ಕ್ಯಾನಿನ ಮುಚ್ಚಳ ತೆಗೆಯಬೇಡಿ.